ದೆವ್ವ ಇಂಗ್ಲಿಷ್ ಕಲಿತ ಮನೆ

ಇರಕಲ್ಲಗಡ,
ಮಾರ್ಗಶಿರ ಬಹುಳ ದಶಮಿ, 1941

ಗಂಗಾವತಿ ಸಾಲೆಯ ಮಾಸ್ತರರೂ, ಪತ್ತೇದಾರ ಡಾಬ್ಸ್ ಸಾಹೇಬನಿಗೆ ಜನ್ಮ ಕೊಟ್ಟವರೂ, ತಂಗಿಯ ಕೈಯಲ್ಲಿ ಲೆಕ್ಕವಿಲ್ಲದಷ್ಟು ಸಲ ಮೋಸಹೋದವರೂ ಆದ ಅಣ್ಣ ಕೊಟ್ರಬಸಪ್ಪನವರ ಪಾದಗಳಿಗೆ, ಶಿಷ್ಯೆ ಪಂಪಮ್ಮ ನೆಲಕ್ಕೆ ಹಣೆ ಹಚ್ಚಿ ಸಲ್ಲಿಸುವ ತನಿಖೆಯ ವರದಿ.

ಮೊದಲಿಗೆ ಒಂದು ವಿನಂತಿ. ನಗಬೇಡ. ಹೋದ ವರ್ಷ ಚೇಳು ಕಡಿಯಿತೆಂದು ಹೇಳಿಕಳಿಸಿದೆ. ನೀನು ಗಂಗಾವತಿಯಿಂದ ನಮ್ಮೂರು ಮರಳಿಗೆ ಬರಿಗಾಲಲ್ಲಿ ಓಡಿಬಂದಾಗ ನಾನು ಕಟ್ಟೆಯ ಮೇಲೆ ಕೂತು ಕಬ್ಬು ತಿನ್ನುತ್ತಿದ್ದೆ. ಅಪ್ಪನ ರುಮಾಲಿನೊಳಗೆ ಕಪ್ಪೆ ಕೂರಿಸಿದವಳೂ ನಾನೇ. ಆ ಎರಡೂ ಕೇಸುಗಳಲ್ಲಿ ಆರೋಪಿ ತಪ್ಪೊಪ್ಪಿಕೊಂಡಿದ್ದಾಳೆ, ಬೆನ್ನ ಮೇಲೆ ಶಿಕ್ಷೆಯನ್ನೂ ಅನುಭವಿಸಿದ್ದಾಳೆ. ಇದು ಬೇರೆ ಕೇಸು. ಇದರಲ್ಲಿ ನಾನು ಆರೋಪಿಯಲ್ಲ.

ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ಅಂಚೆಗೆ ಹಾಕುವ ಪತ್ರವನ್ನು ನನ್ನ ಗಂಡ ಅಂದಪ್ಪ ಓದಿ ನೋಡಿಯೇ ಹಾಕುವುದು. ಗಂಡನ ಹೆಸರು ಬರೆದೆನೆಂದು ಮೂಗಿನ ಮೇಲೆ ಬೆರಳಿಡಬೇಡ; ತನಿಖೆ ಮಾಡುವವರು ಹೆಸರು ನುಂಗಿಕೊಂಡು ಕೂತರೆ ಹೇಗೆ? ನಮ್ಮ ಮನೆಯ ಕೆಲಸದ ಹುಲಗಮ್ಮನ ಗಂಡ ದುರಗಪ್ಪ ಶೇಂಗಾ ಹೊಟ್ಟಿನ ಚೀಲ ಹೇರಿಕೊಂಡು ನಿಮ್ಮೂರ ಕಡೆ ಬಂಡಿ ಹೊಡೆಯುತ್ತಾನಲ್ಲ, ಇದು ಅವನ ಕೈಯಲ್ಲಿ ಬರುತ್ತದೆ. ನನಗೆ ಇಂಗ್ಲಿಷ್ ಕಲಿಸಲೆಂದು ನೀನು ಬರೆದ ಡಾಬ್ಸ್ ಸಾಹೇಬನ ಕಥೆಗಳು ಈ ಮನೆ ಹೊಕ್ಕದ್ದೂ ಅವನ ಬಂಡಿಯಲ್ಲೇ. ನಾನು ಬಂದ ಮರುದಿನವೇ ಅತ್ತೆಯವರು ಓದುವುದನ್ನು ಬಂದ್ ಮಾಡಿದರು. "ನಮ್ಮ ಮನ್ಯಾಗ ಹೆಂಗಸರು ಅಕ್ಷರ ಹಿಡದ್ರ ಆಕಳು ಹಾಲು ಕೊಡೂದಿಲ್ಲವ್ವಾ" ಎಂದರು. ಅಂದಿನಿಂದ ನಾನು ಡಾಬ್ಸ್ ಸಾಹೇಬನನ್ನು ಬೆರಣಿ ಒಟ್ಟುವ ಕುಳ್ಳಿನ ಗೂಡಿನಲ್ಲಿ ಅಡಗಿಸಿಟ್ಟು, ಕುಳ್ಳು ತರುವ ನೆಪದಲ್ಲಿ ಓದುತ್ತಿದ್ದೇನೆ. ಆಕಳು ಎಂದಿನಂತೆ ಹಾಲು ಕೊಡುತ್ತಿದೆ.

ನಿನ್ನ ಉಪಾಯ ಫಲಿಸಿದೆ, ಅಣ್ಣ. 'ಕ್ಯಾಟ್, ರ‍್ಯಾಟ್' ಎಂದು ಬಾಯಿಪಾಠ ಮಾಡಿಸಿದ್ದರೆ ನಾನು ಓಡಿಹೋಗುತ್ತಿದ್ದೆ. ನೀನು ಕಳವಾದ ಒಂದು ಲೋಟ, ಮುಚ್ಚಿದ ಒಂದು ಬಾಗಿಲು, ಸುಳ್ಳು ಹೇಳುವ ಒಬ್ಬ ಅಡಿಗೆಯವನನ್ನು ಕೊಟ್ಟೆ. ಕಳ್ಳ ಯಾರೆಂದು ತಿಳಿಯುವ ಆಸೆಗೆ ಶಬ್ದಗಳು ತಾವಾಗಿಯೇ ತಲೆಯೊಳಗೆ ಬಂದು ಕೂತವು. 'ಕ್ಲೂ' ಎಂದರೆ ಸುಳುಹು. 'ವಿಟ್ನೆಸ್' ಎಂದರೆ ಸಾಕ್ಷಿ. 'ಸಸ್ಪೆಕ್ಟ್' ಎಂದರೆ ನಮಗೆ ಅನುಮಾನ ಇರುವವನು. 'ಮೋಟಿವ್' ಎಂದರೆ ಯಾಕೆ ಮಾಡಿದ ಎಂಬುದು. ಈ ಕೊನೆಯ ಶಬ್ದವನ್ನು ನಾನು ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತು.

ಅಭ್ಯಾಸಕ್ಕೆಂದು ಮೊದಲು ಕೆನೆಯ ಕೇಸು ಹಿಡಿದೆ. ದಿನಾ ಹಾಲಿನ ಕೆನೆ ಮಾಯವಾಗುತ್ತಿತ್ತು, ಬೆಕ್ಕು ಬಡಿಗೆಯೇಟು ತಿನ್ನುತ್ತಿತ್ತು. ಸೋಮವಾರ ಒಪ್ಪತ್ತು ಹಿಡಿದ ಅತ್ತೆಯವರ ಮೇಲ್ದುಟಿಯ ಮೇಲೆ ಬಿಳಿ ಸುಳುಹು ಸಿಕ್ಕಿತು. ನ್ಯಾಯಾಧೀಶರೂ ಅವರೇ ಆದ್ದರಿಂದ ಕೇಸು ಮುಚ್ಚಿಹಾಕಲಾಯಿತು.

ಎರಡನೆಯ ಕೇಸು ನನ್ನ ಕೊರಳಲ್ಲೇ ಇತ್ತು.

ಮದುವೆಯಾಗಿ ಈ ಹೊಸ್ತಿಲು ದಾಟಿದ ದಿನ ಅತ್ತೆಯವರು ಕರಿದಾರದಲ್ಲಿ ಒಂದು ಪುಟ್ಟ ಬೆಳ್ಳಿಯ ಬಿಲ್ಲೆ ಪೋಣಿಸಿ, ತಾಳಿಯ ಪಕ್ಕದಲ್ಲಿ ಕಟ್ಟಿದರು. "ಹೇಮಗುಡ್ಡದ ದುರ್ಗಮ್ಮ, ತೆಗೀಬ್ಯಾಡ" ಎಂದರು. ನಾನು ಕಣ್ಣಿಗೊತ್ತಿಕೊಂಡೆ. ಹೊಸ ಸೀರೆ ಉಡುವಾಗ ಮೊದಲು ಬಿಲ್ಲೆಗೆ ಮುಟ್ಟಿಸಬೇಕು. ಹಬ್ಬದ ಹೋಳಿಗೆಯ ಮೊದಲ ತುಣುಕು ಅದಕ್ಕೆ. ಕುಂಕುಮವೂ ಮೊದಲು ಅದಕ್ಕೆ, ಆಮೇಲೆ ನನ್ನ ಹಣೆಗೆ. ದೇವಿಯಲ್ಲವೇ ಎಂದು ಸುಮ್ಮನಿದ್ದೆ.

ನಿನ್ನ ನಾಲ್ಕನೆಯ ಕಥೆಯಲ್ಲಿ ಡಾಬ್ಸ್ ಸಾಹೇಬ ಹೇಳುತ್ತಾನೆ: ಜನ ಹೇಳಿದ್ದನ್ನು ಕೇಳಬೇಡ, ವಸ್ತುವನ್ನು ನೋಡು. ಕುಳ್ಳಿನ ಗೂಡಿನಲ್ಲಿ ಕೂತು ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಸಿಂಹವಿಲ್ಲ. ತ್ರಿಶೂಲವಿಲ್ಲ. ಎಂಟು ಕೈ ಬೇಡ, ನಾಲ್ಕೂ ಇಲ್ಲ. ಸೆರಗು ಹೊದ್ದು, ಎರಡೂ ಕೈ ಇಳಿಬಿಟ್ಟು, ಕಾಲುಂಗುರ ತೊಟ್ಟು ನಿಂತ ಒಬ್ಬ ಹೆಣ್ಣುಮಗಳು, ನನ್ನಂಥವಳು.

ನಿನಗೆ ಗೊತ್ತಾಯಿತಲ್ಲ. ನಮ್ಮ ಮರಳಿಯಲ್ಲೂ ಎರಡನೆಯ ಸಂಬಂಧಕ್ಕೆ ಬಂದವರ ಕೊರಳಲ್ಲಿ ಇಂಥದನ್ನು ನೋಡಿದ್ದೇವೆ. ತೀರಿಹೋದ ಸವತಿ ಸಿಟ್ಟಾಗದಿರಲೆಂದು ಅವಳ ಮೂರ್ತಿ ಮಾಡಿಸಿ, ಬಂದವಳ ಕೊರಳಿಗೆ ಕಟ್ಟುತ್ತಾರೆ. ಆದರೆ ಹುಡುಗನಿಗೆ ಇದು ಮೊದಲ ಮದುವೆ ಎಂದು ಹಿರಿಯರ ಎದುರಿಗೇ ಹೇಳಿದ್ದರಲ್ಲ, ಅಣ್ಣ.

ಸಾಕ್ಷಿಯನ್ನು ಹಿಡಿದೆ. ಹುಲಗಮ್ಮ ಹಿತ್ತಲಲ್ಲಿ ಸಜ್ಜೆ ಕೇರುತ್ತಿದ್ದಳು. ದುರ್ಗಮ್ಮನಿಗೆ ಕಾಲುಂಗುರ ಯಾಕೆ ಎಂದು ಕೇಳಿದೆ. ಅವಳು ಮೊರ ಕೆಳಗಿಟ್ಟು, ಅತ್ತಿತ್ತ ನೋಡಿ, "ಆಕಿ ದುರ್ಗಮ್ಮ ಅಲ್ಲ, ತಾಯಿ. ಪಾರ್ವತೆಮ್ಮ. ನಿಮ್ಮಕ್ಕ ಆಗಬೇಕು ಆಕಿ ನಿಮಗ" ಎಂದಳು. ಹೇಗೆ ಸತ್ತಳು ಎಂದೆ. "ಹೊಲದ ಹಳೇ ಬಾವ್ಯಾಗ ಬಿದ್ಲು. ಕಾಲು ಜಾರಿತು ಅಂದ್ರು. ನೀರು ಸೇದಾಕ ಹೋದಾಕಿ ಕೊಡ ಒಯ್ಯೂದಿಲ್ಲೇನ್ರಿ? ಕೊಡ ಮನ್ಯಾಗ ಇತ್ತು" ಎಂದಳು. ಡಾಬ್ಸ್ ಸಾಹೇಬ ಕೇಳಿದ್ದರೆ ಟೋಪಿ ತೆಗೆದು ಅವಳಿಗೆ ನಮಸ್ಕಾರ ಮಾಡುತ್ತಿದ್ದ.

ಯಾಕೆ ಎಂಬುದನ್ನೂ ಅವಳೇ ಹೇಳಿದಳು. ಪಾರ್ವತೆಮ್ಮ ಕುಷ್ಟಗಿ ಕಡೆಯವಳು, ಮಕ್ಕಳಾಗಿರಲಿಲ್ಲ. ಅವಳು ಬದುಕಿರುವ ತನಕ ಇನ್ನೊಬ್ಬಳನ್ನು ತರುವುದಿಲ್ಲ ಎಂದು ಅವಳ ಅಪ್ಪ ಮದುವೆಯಲ್ಲೇ ಇವರಿಂದ ಆಣೆ ಮಾಡಿಸಿದ್ದನಂತೆ. ಇವರು ಆಣೆ ಮುರಿಯಲಿಲ್ಲ. ಆಣೆಗೆ ಭಾಳ ಮರ್ಯಾದೆ ಕೊಡುವ ಮನೆತನ.

ಇಲ್ಲಿಗೆ ನಾನು ಸುಮ್ಮನೆ ನಿನಗೆ ಬರೆದಿದ್ದರೆ ಆಗುತ್ತಿತ್ತು. ಆದರೆ ನಾನು ಪಂಪಮ್ಮ. ಸಸ್ಪೆಕ್ಟ್‌ನ ಬಾಯಿ ಬಿಡಿಸಬೇಕೆಂಬ ಹುಚ್ಚು ಹಿಡಿಯಿತು.

ಸವತಿಯ ಬಿಲ್ಲೆ ಕಟ್ಟಿಕೊಂಡವಳ ಮೈಮೇಲೆ ಸತ್ತವಳು ಬರುವುದು ಈ ಕಡೆ ಹೊಸತಲ್ಲ. ಹೋದ ಮಂಗಳವಾರ ಮಧ್ಯಾಹ್ನ ಗಂಡ ಹೊಲದಲ್ಲಿದ್ದ. ಅತ್ತೆಯವರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ನಾನು ತಲೆ ಬಿಚ್ಚಿಕೊಂಡು ನಡುಗಲು ಶುರುಮಾಡಿದೆ. ಅವರು "ಏನವಾ, ಥಂಡಿ ಹತ್ತೈತೇನು" ಎಂದರು. ಬರೀ ಥಂಡಿಯೆಂದೇ ತಿಳಿದರೆ ಕಷಾಯ ಕುಡಿಸಿಯಾರೆಂದು ಹೆದರಿ, ನಿನ್ನ ಪಾಠದಿಂದ ಬಾಯಿಗೆ ಬಂದದ್ದನ್ನು ಗಂಟಲು ದಪ್ಪ ಮಾಡಿ ಕೂಗಿದೆ: "ದಿ ಕಪ್ ಈಸ್ ನಾಟ್ ಆನ್ ದಿ ಟೇಬಲ್. ಹೂ ಓಪನ್ಡ್ ದಿ ಡೋರ್?" ಲೋಟ ಮೇಜಿನ ಮೇಲಿಲ್ಲ, ಬಾಗಿಲು ತೆರೆದವರು ಯಾರು, ಅಷ್ಟೇ ಅರ್ಥ. ಆದರೆ ಅತ್ತೆಯವರ ಬಾಯಿಂದ ಎಲೆ ಉದುರಿತು. ಈ ಮನೆಯ ಸೊಸೆ ಅರಿಯದ ಭಾಷೆ ಅವಳ ಬಾಯಲ್ಲಿ ಬಂದಿತೆಂದರೆ ಒಳಗೆ ಬೇರೆ ಯಾರೋ ಇದ್ದಾರೆಂದೇ ಲೆಕ್ಕ. ಆಮೇಲೆ ನಾನು ನಿಧಾನವಾಗಿ, ನಮ್ಮ ಮಾತಿನಲ್ಲೇ, "ಅತ್ತಿ, ನಾ ಪಾರ್ವತಿ" ಎಂದೆ.

ಅಣ್ಣ, ನನಗೆ ಒಳಗೊಳಗೇ ನಗು ಬರುತ್ತಿತ್ತು. ಅವರು ನನ್ನ ಕಾಲಿಗೆ ಬಿದ್ದ ಮೇಲೆ ನಗು ಎಲ್ಲಿ ಹೋಯಿತೋ. "ಖರೆ, ನೀ ಬಾಗಿಲ ಬಡದಿ. ಅತ್ತೀ, ತೆಗೀರಿ ಅಂದಿ. ನಾ ಒಳಗಿನ ಚಿಲಕ ತೆಗೀಲಿಲ್ಲ, ಅದೊಂದ ನನ್ನ ತಪ್ಪು. ಆದರ ಬಾವಿಗೆ ಎಳಕೊಂಡು ಹೋದಾವ ನಿನ್ನ ಗಂಡವ್ವಾ, ನಾನಲ್ಲ. ಅವನ್ನ ಕೇಳು. ನನ್ನ ಬಿಡು" ಎಂದರು. ಅದನ್ನೇ ಮತ್ತೆ ಮತ್ತೆ ಹೇಳಿದರು. ನಾನು ಮೂರ್ಛೆ ಬಂದವಳಂತೆ ಬಿದ್ದೆ. ಬಿದ್ದದ್ದು ಪೂರ್ತಿ ನಾಟಕವೂ ಅಲ್ಲ.

ಕೇಸು ಬಗೆಹರಿಯಿತು. ನಿನ್ನ ಕಥೆಗಳಲ್ಲಿ ಇಷ್ಟಾದ ಮೇಲೆ ಎಲ್ಲರೂ ಚಹ ಕುಡಿದು ಮನೆಗೆ ಹೋಗುತ್ತಾರೆ. ಅಪರಾಧಿಯ ಮನೆಯಲ್ಲೇ ಅವನ ಪಕ್ಕದಲ್ಲಿ ಮಲಗಬೇಕಾದ ಪತ್ತೇದಾರಳ ಬಗ್ಗೆ ನೀನು ಬರೆದೇ ಇಲ್ಲ.

ಪಾರ್ವತೆಮ್ಮ ಬಂದಿದ್ದಳೆಂದು ಅತ್ತೆಯವರು ಮಗನಿಗೆ ಹೇಳಿದ್ದಾರೆ. ತಾವು ಏನು ಒದರಿದೆವೆಂಬುದನ್ನು ಹೇಳಿದ್ದಾರೋ ಇಲ್ಲವೋ ತಿಳಿಯದು. ಅಂದಿನಿಂದ ಗಂಡ ಮೃದುವಾಗಿದ್ದಾನೆ. ಮದುವೆಯಾಗಿ ಇಷ್ಟು ತಿಂಗಳಾದರೂ ನನ್ನ ಮುಖವನ್ನು ನೆಟ್ಟಗೆ ನೋಡದವನು ಕೊಪ್ಪಳದ ಸಂತೆಯಿಂದ ಹಸಿರು ಬಳೆ ತಂದು ಕೊಟ್ಟ. ನಿನ್ನೆ ಉಣ್ಣುವಾಗ, "ಆರ ದಿವ್ಸಕ್ಕ ಎಳ್ಳ ಅಮಾಸಿ. ಮಂದಿ ಎಲ್ಲಾ ಹೊಲದಾಗ ಭೂತಾಯಿಗೆ ಚರಗ ಚೆಲ್ಲಿ, ಉಂಡು ಮನಿಗೆ ಹೋಗಲಿ. ಆಮ್ಯಾಲ ನಾವಿಬ್ಬರ ಬಾವಿಗೆ ಹೋಗೂಣು. ಆಕೀನ ಅಲ್ಲೇ ಬಿಟ್ಟು ಬರೂಣು. ಬ್ಯಾರೆ ಯಾರೂ ಬ್ಯಾಡ" ಎಂದ. ಇನ್ನೊಂದು ರೊಟ್ಟಿಯನ್ನು ತಾನೇ ನನ್ನ ತಾಟಿಗೆ ಹಾಕಿದ.

ಆದ್ದರಿಂದ ಗುರುಗಳೇ, ಅಮಾವಾಸ್ಯೆಯ ಮೊದಲು ಬಂಡಿ ಕಟ್ಟಿಕೊಂಡು ಬಾ. ಒಬ್ಬನೇ ಬರಬೇಡ, ಮರಳಿಯಿಂದ ಇಬ್ಬರು ಗಟ್ಟಿ ಆಳುಗಳನ್ನು ಕರೆದುಕೋ. ಅವ್ವನಿಗೆ ಆರಾಮಿಲ್ಲ ಎಂದರೆ ಇವರು ಕಳಿಸುವುದಿಲ್ಲ. ಪಾರ್ವತೆಮ್ಮನ ಅಪ್ಪನೂ ಹಾಗೆಯೇ ಹೇಳಿಕಳಿಸಿದ್ದನಂತೆ. ದೆವ್ವದ ಮಾತನ್ನಾದರೆ ಅತ್ತೆಯವರು ಮೀರುವುದಿಲ್ಲ. ಇವತ್ತು ಮಧ್ಯಾಹ್ನ ಗಂಡ ಹೊಲಕ್ಕೆ ಹೋದ ಮೇಲೆ ಪಾರ್ವತೆಮ್ಮ ಇನ್ನೊಂದು ಸಲ ಬರುತ್ತಾಳೆ. ನನ್ನನ್ನು ಹೇಮಗುಡ್ಡಕ್ಕೆ ಒಯ್ಯಿರಿ, ಇವಳ ಅಣ್ಣನ ಬಂಡಿಯಲ್ಲೇ ಒಯ್ಯಿರಿ ಎಂದು ಕೇಳುತ್ತಾಳೆ. ನೀನು ಏನೂ ಅರಿಯದವನಂತೆ ಬಾಗಿಲಿಗೆ ಬಂದರೆ ಸಾಕು. ಮೋಸಹೋದ ಮುಖ ಮಾಡುವುದು ನಿನಗೆ ಕಷ್ಟವಲ್ಲ.

ಅವ್ವನಿಗೆ ಏನೂ ಹೇಳಬೇಡ. ಪಂಪಿ ಇಂಗ್ಲಿಷ್ ಕಲಿತಳು, ಆರಾಮ ಇದ್ದಾಳೆ ಎಂದಷ್ಟೇ ಹೇಳು. ಮೊದಲ ಅರ್ಧವಾದರೂ ನಿಜ.

ನಿನ್ನ ಆಜ್ಞಾಧಾರಕ ಶಿಷ್ಯೆ, ಸರ್ವ ಕೇಸುಗಳ ವಿಜೇತೆ,
ಪಂಪಮ್ಮ

ತಾಜಾ ಕಲಂ: ಮೇಲಿನದನ್ನು ಬೆಳಿಗ್ಗೆ ಬರೆದಿದ್ದೆ. ಈಗ ಮಧ್ಯಾಹ್ನ ಮುಗಿದಿದೆ. ನಡುಗಿದೆ, ತಲೆ ಬಿಚ್ಚಿದೆ. ಅತ್ತೆಯವರು ಕೈಮುಗಿದು ಕೂತರು. ಹೇಮಗುಡ್ಡ, ಬಂಡಿ ಎಲ್ಲವನ್ನೂ ಕೇಳಿದೆ; ಎಲ್ಲಕ್ಕೂ ಹೂಂ ಎಂದರು. ಗೆದ್ದ ಸಂತೋಷಕ್ಕೆ ಕೊನೆಯಲ್ಲಿ ಇನ್ನೊಮ್ಮೆ ಇಂಗ್ಲಿಷಿನಲ್ಲಿ, ಬಾಗಿಲು ತೆರೆದವರು ಯಾರು ಎಂದು ಕೂಗಿದೆ. ಹಿಂದಿನಿಂದ ಮೆಲ್ಲಗೆ ಉತ್ತರ ಬಂತು: "ನೋಬಡಿ." ಯಾರೂ ಇಲ್ಲ ಎಂದು. ಹೊಲಕ್ಕೆ ಹೋದವನು ಹೊಸ್ತಿಲ ಮೇಲೆ ನಿಂತಿದ್ದ. ಹೊಸಪೇಟೆಯ ಹತ್ತಿ ಗಿರಣಿಯಲ್ಲಿ ಸಾಹೇಬನ ಕೈಕೆಳಗೆ ಎರಡು ವರ್ಷ ಇದ್ದನಂತೆ, ಹುಲಗಮ್ಮ ಈಗ ಹೇಳಿದಳು. ಅದನ್ನು ನಾನು ಮೊದಲೇ ಯಾರನ್ನೂ ಕೇಳಿರಲಿಲ್ಲ. "ಛಲೋ ಕಲ್ತೀ. ಯಾರು ಕಲಿಸ್ಯಾರ?" ಎಂದ. ಆಮೇಲೆ, "ಅಮಾಸಿ ತನಕ ಯಾಕ ಕಾಯೂದು. ಮುಖ ತೊಳಕೋ, ಹೊತ್ತು ಮುಳುಗೂದ್ರಾಗ ಹೋಗಿ ಬರೂಣು" ಎಂದು ಎತ್ತು ಕಟ್ಟಲು ಹೋಗಿದ್ದಾನೆ.

ಹುಲಗಮ್ಮ ಹಿತ್ತಲ ಬಾಗಿಲು ತೆಗೆದು ನಿಂತಿದ್ದಾಳೆ. ದುರಗಪ್ಪ ಹೊಟ್ಟಿನ ಚೀಲಗಳ ನಡುವೆ ಒಬ್ಬರು ಕೂರುವಷ್ಟು ಜಾಗ ಮಾಡಿದ್ದಾನೆ. ಪತ್ರವನ್ನು ಅವನ ರುಮಾಲಿನೊಳಗೆ ಇಡುತ್ತೇನೆ, ನಾನು ಚೀಲಗಳ ಕೆಳಗೆ ಸೇರುತ್ತೇನೆ. ಇಬ್ಬರೂ ಒಂದೇ ಬಂಡಿಯಲ್ಲಿ ನಿನ್ನ ಕಡೆಗೆ ಹೊರಟಿದ್ದೇವೆ. ನಿನ್ನ ಕೈಗೆ ಪತ್ರವೊಂದೇ ತಲುಪಿದರೆ, ನನ್ನನ್ನು ಹುಡುಕಲು ಈ ಮನೆಗೆ ಬರಬೇಡ, ಅಣ್ಣ. ನೆಟ್ಟಗೆ ಬಾವಿಗೆ ಹೋಗು.