ಗೋಧಿ ಬಿಯರಿನ ನೊರೆ

ದೊಡ್ಡವ್ವಾ,

ಪಣಜಿಯ ಬಾರಿನಲ್ಲಿ ನನ್ನ ಕೆಲಸ ಗಟ್ಟಿಯಾಯಿತು, ಅದೂ ನಿನ್ನಿಂದ. ಇಲ್ಲಿ ಒಂದೊಂದು ಬಿಯರಿಗೆ ಒಂದೊಂದು ಗ್ಲಾಸು: ಕಪ್ಪು ಬಿಯರಿಗೆ ಗುಂಡನೆಯದು, ಗೋಧಿ ಬಿಯರಿಗೆ ನೊರೆ ನಿಲ್ಲಲೆಂದು ಉದ್ದನೆಯದು. ಗೋಧಿ ಬಿಯರು ಕೇಳಿದ ಒಬ್ಬ ಗಿರಾಕಿಗೆ ಉದ್ದ ಗ್ಲಾಸಿನಲ್ಲಿ ಕಾಲುಭಾಗ ಬರೀ ನೊರೆ ಕೊಡಲು ನಾಚಿಕೆಯಾಗಿ, ಸಣ್ಣ ಗ್ಲಾಸು ತೆಗೆದು, ನೊರೆ ಇಳಿಯುವವರೆಗೆ ಕಾದು, ಕಂಠಪೂರ್ತಿ ತುಂಬಿ ಕೊಟ್ಟೆ. ನೊರೆಯೇ ಇಲ್ಲವೆಂದು ಗಿರಾಕಿ ರೇಗಿದ. ಹುಬ್ಬಳ್ಳಿಯವರಾದ ನಮ್ಮ ಮಾಲಕಿ ಕಾರಣ ಕೇಳಿದರು.

"ನಮ್ಮೂರು ಮಾನ್ವ್ಯಾಗ ನಮ್ಮ ದೊಡ್ಡವ್ವ ಹಾಲು ಮಾರ್ತಾಳ್ರೀ. ನೊರಿ ಅಳದು ಕೊಟ್ರ ಮೋಸ ಅಂತಾಳ" ಎಂದೆ.

ಅವರು ನಕ್ಕು, "ಗ್ಲಾಸು ಯಾವುದಂತ ನಾ ಕಲಿಸ್ತೀನಿ, ನೀ ಇದನ್ನ ಹಿಡಿ" ಎಂದು ಉಗ್ರಾಣದ ಕೀಲಿಯನ್ನೇ ಕೊಟ್ಟರು.

ನನ್ನ ಕೆಮ್ಮು ಹೋಗಿದೆ. ನಿನ್ನ ಮೊಣಕಾಲಿಗೆ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೋ. ಗಿರಾಕಿಗಳು ಬಂದರು, ಇಲ್ಲಿಗೇ ನಿಲ್ಲಿಸುತ್ತೇನೆ. ದಿನಾ ನಿನ್ನ ಹೆಸರು ಹೇಳಿಯೇ ಆ ಉಗ್ರಾಣದ ಬೀಗ ತೆಗೆಯುತ್ತೇನೆ.

ಹುಲಗಪ್ಪ