ಎಡಗೈಯ ಕತ್ತರಿ

ಹೊಲಿಗೆ ಅಂಗಡಿಯ ಒಡತಿ, ನನ್ನನ್ನು ಹೆಸರು ಹಿಡಿದು ಕರೆಯದೆ ‘ಫಸ್ಟ್ ರ‍್ಯಾಂಕು’ ಎಂದೇ ಕರೆಯುವ ನನ್ನ ಸೋದರತ್ತೆಗೆ ನಮಸ್ಕಾರಗಳು.

ಮೊನ್ನೆ ಆಸ್ಪತ್ರೆಯ ಪರೀಕ್ಷಾ ಕೋಣೆಯಲ್ಲಿ ನೀವು ಕೇಳಿದ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಮೆಡಿಕಲ್ ತರಗತಿಯಲ್ಲಿ ಯಾವ ಪ್ರಶ್ನೆಗೂ ತಡವರಿಸಿದವಳಲ್ಲ ನಾನು. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಅಂದು ಮಾತ್ರ, ನಿಮ್ಮ ಹಿಂದೆ ನಿಂತ ಮಾವ ಹೇಳಬೇಡವೆಂದು ಕಣ್ಣಲ್ಲೇ ಬೇಡಿಕೊಂಡಾಗ, ಮಾತು ಮರೆಸಿ ಯಂತ್ರದ ತಂತಿ ಸುತ್ತತೊಡಗಿದೆ. ಈಗ ಅವರನ್ನೂ ಒಪ್ಪಿಸಿ, ನಮ್ಮ ಹಿರಿಯ ವೈದ್ಯರ ಅನುಮತಿಯನ್ನೂ ಪಡೆದು ಬರೆಯುತ್ತಿದ್ದೇನೆ.

ನಿಮ್ಮ ತಲೆಯ ಬಳಿ ಹಿಡಿದಿದ್ದ ಸುರುಳಿ ಒಂದು ಬಗೆಯ ಆಯಸ್ಕಾಂತ. ಅದು ಮಿದುಳನ್ನು ಹೊರಗಿನಿಂದಲೇ ತಟ್ಟುತ್ತದೆ. ಅಲ್ಲಿಂದ ಕೈಗಿರುವ ದಾರಿ ಉಳಿದಿದ್ದರೆ ಬೆರಳು ಮಿಡುಕುತ್ತದೆ. ಮೊದಲು ಎಡಗೈಯನ್ನು ನೋಡಿದೆವು. ಟಕ್ ಎಂದಿತು, ಬೆರಳು ಹಾರಿತು. “ಇಷ್ಟು ವರ್ಷ ಇದನ್ನ ಬಟ್ಟೆ ಹಿಡಿಯೋಕೆ ಮಾತ್ರ ಇಟ್ಕೊಂಡಿದ್ದೆ, ನೋಡೆ ಹೇಗೆ ಕುಣೀತಿದೆ” ಎಂದು ನಕ್ಕಿರಿ. ಆಮೇಲೆ ಪಾರ್ಶ್ವವಾಯು ಹೊಡೆದ ಬಲಗೈಯ ಸರದಿ. ಮತ್ತೆ ಮತ್ತೆ ತಟ್ಟಿದೆವು. ಕೈ ಆಡಿಸಿ ಎಂದಾಗ ನೀವು ಹಲ್ಲು ಕಚ್ಚಿ ಪ್ರಯತ್ನಿಸಿದಿರಿ. ಸ್ನಾಯುವಿನ ಮಿಡಿತ ತೋರಿಸುವ ಪರದೆಯ ಮೇಲಿನ ಗೆರೆ ಅಲುಗಲಿಲ್ಲ. “ಏನೇ ಫಸ್ಟ್ ರ‍್ಯಾಂಕು, ನನ್ನ ಕೈ ಪಾಸೋ ಫೇಲೋ?” ಎಂದಿರಿ.

ಅತ್ತೆ, ಕತ್ತರಿ ಹಿಡಿಯುವ ನಯ ಆ ಬೆರಳುಗಳಿಗೆ ಮರಳುವ ಸಾಧ್ಯತೆ ತೀರಾ ಕಡಿಮೆ. ಭುಜ, ಮೊಣಕೈ ಇನ್ನಷ್ಟು ಚೇತರಿಸಿಕೊಳ್ಳಬಹುದು. ಬಟ್ಟೆಯನ್ನು ಒತ್ತಿ ಹಿಡಿಯುವಷ್ಟು ಆದೀತು. ಇದು ನಿಮ್ಮ ಛಲದ ಕೊರತೆಯಲ್ಲ. ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡು ಹಿಂಡಲಾಗಲಿಲ್ಲವೆಂದು ನಿಮ್ಮನ್ನು ನೀವೇ ಬೈದುಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ.

ಎಡಗೈಯಲ್ಲಿ ಕತ್ತರಿಸಲು ಹೋಗಿ, ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡಿತೆಂದು ಅಂಗಡಿ ಮುಚ್ಚುವ ಮಾತಾಡಿದಿರಂತೆ. ಮಾವ ಹೇಳಿದರು. ನೆನಪಿದೆಯೇ, ಎಡಚಿಯಾದ ನಾನು ಶಾಲೆಯಲ್ಲಿ ಕಾಗದ ಕತ್ತರಿಸಲಾಗದೆ ಅಳುತ್ತಾ ಬಂದಿದ್ದೆ. ನನ್ನ ಕೈಯನ್ನೂ ಕತ್ತರಿಯನ್ನೂ ತಿರುಗಿಸಿ ನೋಡಿ, “ನಿನ್ನ ಕೈ ದಡ್ಡ ಅಲ್ಲ ಕಣೆ, ಈ ಕತ್ತರಿ ಬಲಗೈಯವರದ್ದು” ಎಂದಿರಿ. ಅಲಗುಗಳು ಅದಲುಬದಲಾಗಿದ್ದ ಕತ್ತರಿಯೊಂದನ್ನು ಎಲ್ಲಿಂದಲೋ ತರಿಸಿಕೊಟ್ಟಿರಿ.

ಅಂಥದ್ದೇ, ಆದರೆ ನಿಮ್ಮ ಕಸುಬಿಗೆ ತಕ್ಕಷ್ಟು ದೊಡ್ಡದು, ಈ ಪತ್ರದ ಜೊತೆಗಿದೆ. ಭಾನುವಾರ ಬರುತ್ತೇನೆ. ಹಳೆಯ ಲೈನಿಂಗ್ ಬಟ್ಟೆ ತೆಗೆದಿಡಿ. ಎಡಗೈ ಕೆಲಸದಲ್ಲಿ ಮನೆಗೆ ನಾನೇ ಹಿರಿಯಳು, ಮೊದಲ ಪಾಠ ನನ್ನದು. ಸೊಟ್ಟಗೆ ಕತ್ತರಿಸಿದರೆ, ನೀವು ನನ್ನನ್ನು ಬೈಯುತ್ತಿದ್ದಂತೆಯೇ ಬೈಯುತ್ತೇನೆ.

ನಿಮ್ಮ ಬಲಗೈಗೆ ಪ್ರಣಾಮ, ಎಡಗೈಗೆ ಒಂದು ಮುತ್ತು,
ನಿಮ್ಮ ಎಡಚಿ