ಅಮ್ಮನ ಫೋನು, ಅಣ್ಣನ ಮೆಟ್ಟಿಲು

ಗೋವಿಂದರಾಜನಗರ, ಬೆಂಗಳೂರು
೧೧ ಜನವರಿ ೨೦೨೬, ಭಾನುವಾರ

ಪ್ರೀತಿಯ ಅಣ್ಣನಿಗೆ,

‘ಪ್ರೀತಿಯ’ ಎಂದು ಕೈ ತಾನೇ ಬರೆದುಬಿಟ್ಟಿತು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ. ಹೇಗಿದ್ದೀಯ? ಗುವಾಹಟಿಯ ಚಳಿಗೆ ನಿನ್ನ ಸೀನು ಹೆಚ್ಚಾಗಿದೆಯೋ ಹೇಗೆ? ಅತ್ತಿಗೆ ಆರೋಗ್ಯವೇ? ಇಲ್ಲಿ ಅಪ್ಪನ ಮಂಡಿನೋವು ಹಾಗೇ ಇದೆ, ಆದರೂ ಮಾಗಡಿ ರೋಡಿನ ಹಾರ್ಡ್‌ವೇರ್ ಅಂಗಡಿಗೆ ಹೋಗುವುದನ್ನು ಬಿಟ್ಟಿಲ್ಲ. ಅಮ್ಮನ ಕಣ್ಣಿನ ಆಪರೇಷನ್ ಸಸೂತ್ರವಾಗಿ ಆಯಿತು. ಈಗ ಕಪ್ಪು ಕನ್ನಡಕ ಹಾಕಿಕೊಂಡು ಸಂಕ್ರಾಂತಿಗೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದಾಳೆ, ಬೇಡವೆಂದರೆ ಕೇಳುವುದಿಲ್ಲ. ಆಪರೇಷನ್ ಹೇಗಾಯಿತೆಂದು ನೀನು ಕೇಳಲಿಲ್ಲ, ಅದಕ್ಕೆ ನಾನೇ ಹೇಳುತ್ತಿದ್ದೇನೆ. ನನ್ನ ಫೋನ್ ಎತ್ತುವುದಿಲ್ಲ, ವಾಟ್ಸಾಪ್ ನೋಡಿಯೂ ನೋಡದವನಂತೆ ಇರುತ್ತೀಯ. ಹಾಗಾಗಿ ಇದು ಸ್ಪೀಡ್ ಪೋಸ್ಟ್. ಸಹಿ ಹಾಕಿಸಿಕೊಳ್ಳದೆ ಪೋಸ್ಟ್‌ಮ್ಯಾನ್ ಇದನ್ನು ಕೊಡುವುದಿಲ್ಲ. ಒಂದು ಕಾಗದದ ಮೇಲಾದರೂ ನಿನ್ನ ಸಹಿ ಬೀಳಲಿ.

ವೆಂಕಟೇಶ್ ಸಾರ್‌ಗೆ ನೀನು ಕಳಿಸಿದ ಈಮೇಲನ್ನು ಅವರು ಶುಕ್ರವಾರ ನನಗೆ ತೋರಿಸಿದರು. ನಿನಗೆ ಗೈಡ್ ಆಗಿದ್ದವರೇ ಈಗ ನನಗೂ ಗೈಡ್ ಎನ್ನುವುದು ನಿನಗೆ ಮರೆತುಹೋಗಿತ್ತೋ ಏನೋ. ಬಿಂದುಶ್ರೀಯ ಕೈ ಇನ್ನೂ ಪಳಗಿಲ್ಲ, ಅವಳ ಅಳತೆಯನ್ನು ನಂಬಿಕೊಂಡು ನಮ್ಮ ಪ್ರಬಂಧವನ್ನು ಹಿಂದಕ್ಕೆ ಪಡೆಯುವುದು ಆತುರದ ಕೆಲಸ ಎಂದು ಬರೆದಿದ್ದೀಯ. ಎಷ್ಟು ನಾಜೂಕಾದ ಇಂಗ್ಲಿಷು! ಓದುವಾಗ ನನ್ನ ಕಿವಿ ಕಾದ ಹೆಂಚಾಗಿತ್ತು. ನನ್ನ ಕೈಯ ಸುದ್ದಿಯನ್ನು ನಾನು ಈ ಲ್ಯಾಬಿಗೆ ಸೇರಿದಾಗಿನಿಂದ ಕೇಳುತ್ತಿದ್ದೇನೆ. ಸ್ಯಾಂಪಲ್ ಕೆಟ್ಟರೆ ನನ್ನ ಕೈ, ವೈರ್ ಕಿತ್ತರೆ ನನ್ನ ಕೈ, ನಿನ್ನ ಗ್ರಾಫಿನ ಮೆಟ್ಟಿಲುಗಳು ನನಗೆ ಸಿಗದಿದ್ದರೆ ಅದಕ್ಕೂ ನನ್ನ ಕೈ. ಮನೆಯಲ್ಲಿ ಅಪ್ಪ ಕೂಡ ಊಟಕ್ಕೆ ಕೂತಾಗ ‘ಅಣ್ಣನ ಕೈಗುಣ ಎಲ್ಲರಿಗೂ ಬರಲ್ಲ ಬಿಡಮ್ಮ’ ಎನ್ನುತ್ತಿದ್ದರು. ಸಮಾಧಾನ ಮಾಡುವುದಕ್ಕೆ ಹೇಳಿದ ಮಾತು ಅದು, ಆದರೆ ನಾನು ತಟ್ಟೆ ಬಿಟ್ಟು ಏಳುತ್ತಿದ್ದೆ.

ಆ ಪ್ರಬಂಧ ಅಚ್ಚಾದಾಗ ನಮ್ಮ ಬೀದಿಯಲ್ಲಿ ಎಂಥ ಸಡಗರ, ನೆನಪಿದೆಯಾ? ಅಪ್ಪನ ಗೆಳೆಯರಾದ ಈರಪ್ಪನವರು ಬೀದಿ ತುದಿಗೆ ಫ್ಲೆಕ್ಸ್ ಕಟ್ಟಿಸಿದರು. ‘ವಿಶ್ವವಿಖ್ಯಾತ ವಿಜ್ಞಾನಿ ಕಾಂತರಾಜುರವರಿಗೆ ಹಾರ್ದಿಕ ಅಭಿನಂದನೆಗಳು’. ಅದರಲ್ಲಿ ನಿನ್ನ ಫೋಟೋಗಿಂತ ಅವರ ಫೋಟೋನೇ ದೊಡ್ಡದಿತ್ತು. ನೀನು ಮಾತ್ರ ಅಷ್ಟರಲ್ಲಿ ಪ್ರಬಂಧದಲ್ಲಿ ಕಾಂತ್ ರಾಜ್ ಆಗಿದ್ದೆ. ಅದರ ಬಲದಿಂದಲೇ ಗುವಾಹಟಿಯಲ್ಲಿ ಕೆಲಸವೂ ಆಯಿತು. ಹೋಗುವ ಮುಂಚೆ ನನ್ನನ್ನು ಸಾರ್ ಹತ್ತಿರ ಕರೆದುಕೊಂಡು ಹೋಗಿ, ‘ನನ್ನ ಕೆಲಸವನ್ನು ಇವಳು ಮುಂದುವರಿಸುತ್ತಾಳೆ’ ಎಂದು ಒಪ್ಪಿಸಿದವನೂ ನೀನೇ. ನಾನು ಎಷ್ಟು ಹಿಗ್ಗಿದ್ದೆನೋ. ದಿನಾ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿದು, ನೀನು ನಿಂತ ಜಾಗದಲ್ಲೇ ನಿಂತು, ನೀನು ತಿರುಗಿಸಿದ ಗುಂಡಿಗಳನ್ನೇ ತಿರುಗಿಸಿದೆ. ಗ್ರಾಫಿನಲ್ಲಿ ನಿನ್ನ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ನನ್ನದು ಒಂದು ದಿನವೂ ಹಾಗೆ ಏರಲಿಲ್ಲ, ಬೆಣ್ಣೆಯಂತೆ ನಯವಾಗಿ ಹೋಗುತ್ತಿತ್ತು. ಕಳೆದ ದೀಪಾವಳಿಯ ಹೊತ್ತಿಗೆ ಸಾರ್ ನೇರವಾಗಿಯೇ ಹೇಳಿದರು, ‘ಈ ವರ್ಷದೊಳಗೆ ಬರದಿದ್ರೆ ಪಿಎಚ್.ಡಿ. ಬಿಟ್ಟು ಬೇರೆ ಏನಾದ್ರೂ ನೋಡಿಕೊಳ್ಳಮ್ಮ.’ ಮಹಿಳಾ ಶೌಚಾಲಯದಲ್ಲಿ ನಿಂತು ನಿನಗೆ ಫೋನ್ ಮಾಡಿ ಅತ್ತೆ. ಆಗ ನೀನು ಹೇಳಿದ್ದು ಒಂದೇ ಮಾತು: ‘ತಾಳ್ಮೆಯಿಂದ ಮಾಡು ಕಣೇ, ಬಂದೇ ಬರುತ್ತೆ.’

ಈಗ ಅಮ್ಮನ ಆಪರೇಷನ್ ದಿನಕ್ಕೆ ಬರುತ್ತೇನೆ. ಆಸ್ಪತ್ರೆಯಲ್ಲಿ ಅಪ್ಪ ಒಬ್ಬರೇ ಇದ್ದರು. ಅಳತೆ ಅರ್ಧಕ್ಕೆ ನಿಲ್ಲಿಸುವ ಹಾಗಿರಲಿಲ್ಲ, ಸ್ಯಾಂಪಲ್ ತಣ್ಣಗಿಡುವ ದುಬಾರಿ ಹೀಲಿಯಂ ಖರ್ಚಾಗುತ್ತಿತ್ತು. ಲ್ಯಾಬಿನ ಬಾಗಿಲ ಮೇಲೆ ‘ಫೋನ್ ಒಳಗೆ ತರಬಾರದು’ ಎಂದು ನಿನ್ನ ಅಕ್ಷರದಲ್ಲಿ ಬರೆದು ಅಂಟಿಸಿದ ಕಾಗದ ಇದೆಯಲ್ಲ, ಅದನ್ನು ಮೊದಲ ಸಲ ಮೀರಿದೆ. ಅಷ್ಟು ಕಾಲ ಶಿಸ್ತಾಗಿ ಕಾರಿಡಾರಿನ ಲಾಕರಿನಲ್ಲಿ ಇಡುತ್ತಿದ್ದ ಫೋನನ್ನು ಸೈಲೆಂಟ್ ಮಾಡಿ ಒಳಗೆ ತಂದು, ಆಂಪ್ಲಿಫೈಯರ್ ಮೇಲೆ ಬೋರಲು ಇಟ್ಟೆ. ನೀನು ಇಡುತ್ತಿದ್ದ ಜಾಗ ಅದು. ನಾನು ಎಂ.ಎಸ್ಸಿ. ಓದುವಾಗ ನಿನಗೆ ಊಟದ ಡಬ್ಬಿ ತಂದುಕೊಡುತ್ತಿದ್ದೆನಲ್ಲ, ಆಗ ನೋಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಅಮ್ಮನ ಸ್ವಭಾವ ನಿನಗೆ ಗೊತ್ತು. ಎತ್ತದಿದ್ದರೆ ಬಿಡುವವಳಲ್ಲ, ಎತ್ತುವ ತನಕ ಮಾಡುತ್ತಲೇ ಇರುತ್ತಾಳೆ. ಪರದೆಯ ಮೇಲೆ ಗೆರೆ ಎದ್ದು ನಿಂತಿತು ಅಣ್ಣಾ. ಒಂದು ಮೆಟ್ಟಿಲು, ಇನ್ನೊಂದು, ಮತ್ತೊಂದು. ನಿನ್ನ ಪ್ರಬಂಧದ ಚಿತ್ರವೇ. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಮೆಟ್ಟಿಲುಗಳು ಮಾಯವಾಗಿ ಗೆರೆ ಮತ್ತೆ ನಯವಾಯಿತು. ಫೋನ್ ತಿರುಗಿಸಿ ನೋಡಿದರೆ ಅಮ್ಮನ ಮಿಸ್ಡ್ ಕಾಲ್‌ಗಳು. ಆಚೆ ಓಡಿ ಬಂದು ಮಾಡಿದರೆ, ‘ಎಲ್ಲೋಗಿದ್ಯೇ? ಒಳಕ್ಕೆ ಕರೀತಾವ್ರೆ, ನಿನ್ ದನಿ ಕೇಳ್ಕಂಡು ಹೋಗಣ ಅಂತ ಮಾಡ್ದೆ’ ಎಂದಳು.

ಒಂದು ಸಲ ಆದದ್ದನ್ನು ನಂಬುವಷ್ಟು ದಡ್ಡಿ ನಾನಲ್ಲ. ಡಬ್ಬದಲ್ಲಿ ಹಾಗೇ ಉಳಿದಿದ್ದ ನಿನ್ನದೇ ಹಳೆಯ ಸ್ಯಾಂಪಲ್ ಅನ್ನು ತಣ್ಣಗೆ ಮಾಡಿ ಅಳೆದೆ. ನನ್ನ ಕೈಯಲ್ಲಿ ಮಾಡಿದ್ದಲ್ಲ, ನಿನ್ನ ಕೈಗುಣದ್ದು. ಅಮ್ಮ ಮನೆಗೆ ಬಂದ ಮೇಲೆ, ನಾನು ಎತ್ತುವುದಿಲ್ಲ, ಆದರೂ ಮಾಡುತ್ತಲೇ ಇರು ಎಂದು ಅವಳಿಗೆ ಹೇಳಿಟ್ಟೆ. ಅವಳು ಮಹಡಿ ಮೇಲೆ ಕೂತು ಮಾಡುತ್ತಿದ್ದಾಗ ಮೆಟ್ಟಿಲು ಬಂತು. ಸುಸ್ತಾಗಿ ನಿಲ್ಲಿಸಿದಾಗ ಹೋಯಿತು. ಫೋನನ್ನು ಆಫ್ ಮಾಡಿದರೆ ಇಲ್ಲ, ಕ್ಯಾಂಟೀನಿನಲ್ಲಿ ಬಿಟ್ಟು ಬಂದರೆ ಇಲ್ಲ. ಸಾರ್ ತಮ್ಮ ಫೋನಿನಲ್ಲೂ ಪರೀಕ್ಷೆ ಮಾಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಹೆಸರೂ ಆ ಪ್ರಬಂಧದಲ್ಲಿ ಇದೆಯಲ್ಲ. ಅಂದು ಸಂಜೆಯೇ ವಾಪಸಾತಿಯ ಪತ್ರ ಸಿದ್ಧ ಮಾಡಿಸಿ ನಿನಗೆ ಕಳಿಸಿದರು. ಅದಕ್ಕೆ ನೀನು ಕೊಟ್ಟ ಉತ್ತರವೇ ನನ್ನ ಕೈ.

ಅಮ್ಮನಿಗೆ ಹೇಳದೆ ಇರಲಾಗಲಿಲ್ಲ, ಏಕೆ ಫೋನ್ ಮಾಡಿಸಿದೆ ಎಂದು ಒಂದೇ ಸಮನೆ ಪೀಡಿಸುತ್ತಿದ್ದಳು. ಹೀಗೆ ಬಿಡಿಸಿ ಹೇಳಿದೆ: ಎರಡು ಲೋಹದ ಚೂರು, ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ. ವಿಪರೀತ ತಣ್ಣಗೆ ಮಾಡಿದರೆ ಕರೆಂಟು ಚೂರೂ ನಷ್ಟವಾಗದೆ ಅದನ್ನು ದಾಟುತ್ತದೆ. ಹೊರಗಿನಿಂದ ಮೈಕ್ರೋವೇವ್ ಅಲೆ ಬಿದ್ದರೆ ಗೆರೆಯಲ್ಲಿ ಮೆಟ್ಟಿಲು ಮೂಡುತ್ತದೆ, ಅದು ಎಲ್ಲರಿಗೂ ಗೊತ್ತಿರುವ ಹಳೆಯ ವಿಷಯ. ಯಾವ ಅಲೆಯೂ ಇಲ್ಲದೆ ಮೆಟ್ಟಿಲು ತಾನಾಗಿ ಮೂಡಿತು ಎಂದದ್ದೇ ಅಣ್ಣನ ಹೊಸ ಸಂಶೋಧನೆ. ಆದರೆ ಅಲೆ ಇತ್ತು ಅಮ್ಮಾ, ನೀನು ಕರೆ ಮಾಡಿದಾಗ ಅವನ ಫೋನಿನಿಂದ ಹೊರಟಿತ್ತು ಎಂದೆ. ಅಮ್ಮ, ‘ಹಂಗಾದ್ರೆ ನಾನು ಫೋನ್ ಮಾಡಿದ್ಕೇ ನಮ್ ಕಾಂತನಿಗೆ ಕೆಲ್ಸ ಸಿಕ್ತು ಅನ್ನು!’ ಎಂದು ಮುಖ ಅರಳಿಸಿದಳು. ಈಗ ಅಕ್ಕಪಕ್ಕದವರಿಗೂ ಹೇಳಿಕೊಂಡು ಬಂದಿದ್ದಾಳೆ. ಅವಳು ಮಾಡಿದ ಕರೆಗಳನ್ನು ನೀನು ಎತ್ತಲೇ ಇಲ್ಲ ಎಂಬುದು ಅವಳ ತಲೆಗೆ ಹೋಗಿಲ್ಲ. ನನಗೆ ನಿನ್ನ ಮೇಲೆ ಇರುವ ಸಿಟ್ಟಿನಲ್ಲಿ ಅರ್ಧ ಅವಳ ಆ ಮುಖ ನೋಡಿದ್ದಕ್ಕೇ ಬಂದದ್ದು.

ಉಳಿದರ್ಧ ಆ ಬಾಗಿಲ ಕಾಗದದ್ದು. ಪ್ರಬಂಧ ಅಚ್ಚಾಗುವ ತನಕ ಬಾಗಿಲ ಮೇಲೆ ಏನೂ ಇರಲಿಲ್ಲ. ಫ್ಲೆಕ್ಸ್ ಇನ್ನೂ ಬೀದಿಯಲ್ಲಿ ಇದ್ದಾಗಲೇ ಈ ಕಾಗದ ಬಂತು. ಏಕೆ ಎಂದು ಕೇಳಿದ್ದಕ್ಕೆ ‘ಅದೆಲ್ಲ ಬೇಸಿಕ್ ಕಣೇ’ ಎಂದು ನಕ್ಕಿದ್ದೆ. ಮೊದಲು ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯಿತು, ಅಷ್ಟೇ ತಾನೆ? ತಪ್ಪು ಯಾರಿಂದ ಆಗುವುದಿಲ್ಲ ಹೇಳು. ಗೊತ್ತಾದ ದಿನ ಸಾರ್ ಕೋಣೆಗೆ ಹೋಗಬಹುದಿತ್ತು. ನೀನು ಹೋದದ್ದು ಸೆಲ್ಲೋಟೇಪ್ ತರುವುದಕ್ಕೆ. ಬೇರೆ ಯಾರ ಫೋನಿಗೂ ನಿನ್ನ ಮೆಟ್ಟಿಲು ಬರಬಾರದು, ಬಂದರೆ ಗುಟ್ಟು ರಟ್ಟಾಗುತ್ತದೆ. ಬರದೇ ಹೋದರೆ ಬಿಂದುವಿನ ಕೈ ಇದ್ದೇ ಇದೆ. ನಾನು ಶೌಚಾಲಯದಲ್ಲಿ ನಿಂತು ಅತ್ತ ದಿನವೂ ನಿನಗೆ ಗೊತ್ತಿತ್ತು. ಆ ಕೆಲಸ ಬಿಡು ಕಣೇ, ಅದರಲ್ಲಿ ಏನೂ ಇಲ್ಲ ಎನ್ನುವುದಕ್ಕೆ ನಿನ್ನ ನಾಲಿಗೆ ಏಳಲಿಲ್ಲ. ತಂಗಿ ಹಾಳಾಗಿ ಹೋಗಲಿ ಎಂದುಕೊಂಡೆಯಾ, ಅಥವಾ ನನ್ನ ಬಗ್ಗೆ ಏನೂ ಅಂದುಕೊಳ್ಳಲೇ ಇಲ್ಲವಾ? ಎರಡನೆಯದೇ ನಿಜ ಅನಿಸುತ್ತದೆ, ಅದೇ ನನಗೆ ಹೆಚ್ಚು ಉರಿಯುವುದು.

ವಾಪಸಾತಿಯ ಪತ್ರಕ್ಕೆ ಸಾರ್ ಸಹಿ ಹಾಕಿದ್ದಾರೆ. ನಿನ್ನದೊಂದು ಬಾಕಿ. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಹಾಕಿ ಕಳಿಸು. ಅಮ್ಮ ನಿನಗೆ ಎಳ್ಳುಬೆಲ್ಲದ ಪೊಟ್ಟಣ ಇದರೊಳಗೇ ಇಡು ಎಂದು ಹಟ ಹಿಡಿದಿದ್ದಾಳೆ, ಕವರ್ ಹರಿಯುತ್ತದೆ ಎಂದು ಸುಳ್ಳು ಹೇಳಿದೆ. ಅಮ್ಮ, ಅಪ್ಪ ಇಬ್ಬರ ಆಶೀರ್ವಾದ ತಿಳಿಸಿದ್ದೇನೆ. ಅತ್ತಿಗೆಗೆ ನನ್ನ ನಮಸ್ಕಾರ. ನಿನಗೆ ಏನು ತಿಳಿಸುವುದೋ ಗೊತ್ತಾಗುತ್ತಿಲ್ಲ.

ಇಂತಿ,
ಬಿಂದುಶ್ರೀ

ತಾ.ಕ.: ಸೋಮವಾರ, ಲ್ಯಾಬಿನಿಂದ. ತಿಂಗಳ ಕೊನೆಯವರೆಗೆ ಕಾಯುವುದು ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಸಾರ್ ಮತ್ತು ನಾನು ಸೇರಿ ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೆ ಎಲ್ಲವನ್ನೂ ಕಳಿಸಿಬಿಟ್ಟೆವು, ನಿನ್ನ ಸಹಿ ಇಲ್ಲದೆಯೇ. ತಪ್ಪು ಮೊದಲೇ ನಿನಗೆ ಗೊತ್ತಿತ್ತೇ ಎಂದು ಪತ್ರಿಕೆಯವರು ನಿನ್ನನ್ನು ಕೇಳಿಯೇ ಕೇಳುತ್ತಾರೆ. ಬಾಗಿಲಿನ ಕಾಗದದ ವಿಷಯ ನಾನು ಅವರಿಗೆ ಬರೆದಿಲ್ಲ, ಸಾರ್‌ಗೂ ಹೊಳೆದಿಲ್ಲ. ನೀನೇ ನಿಜ ಬರೆಯಲಿ ಎಂದು ಬಿಟ್ಟಿದ್ದೇನೆ. ಆ ಕಾಗದವನ್ನು ಈಗಷ್ಟೇ ಟೇಪಿನ ಸಮೇತ ಕಿತ್ತು, ಎಳ್ಳುಬೆಲ್ಲದ ಬದಲು ಇದರೊಳಗೆ ಇಟ್ಟಿದ್ದೇನೆ. ಹರಿದು ಹಾಕಬೇಕೆಂದು ಅನಿಸಿದರೆ ಹರಿದು ಹಾಕು. ಜೆರಾಕ್ಸ್ ನನ್ನ ಹತ್ತಿರ ಇದೆ.